‘ಪ್ಯೂರ್ ಉಲ್ಲನ್’ ಬಣ್ಣ ಹಿಡೀತಿಲ್ಲ, ಅಮ್ಮನ ಲೇಸ್ ಶಾಲಿಗೆ ಏನ್ಮಾಡ್ಲಿ?

ಉಂಡೆದಾರ (ಬೆಂಗಳೂರು)

ನಿನ್ನೆ ಇಡೀ ಭಾನುವಾರ ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಫೆಬ್ರವರಿಯಲ್ಲಿ ಅಮ್ಮನಿಗೆ 70 ತುಂಬುತ್ತೆ. ಅಷ್ಟರೊಳಗೆ ತೂತು ತೂತಿನ ಲೇಸ್ ಶಾಲು ಒಂದು ಹೆಣೆದು ಕೊಡಬೇಕು, ಬಣ್ಣವನ್ನೂ ಮನೆಯಲ್ಲೇ ಹಾಕಬೇಕು ಅಂತ ಆಸೆ. ಪೇಟೆಯಲ್ಲಿ ‘ಪ್ಯೂರ್ ಉಲ್ಲನ್’ ಅಂತ ಕೇಳಿ ಬಿಳಿ ಉಂಡೆ ನಾಲ್ಕು ತಂದೆ. ಉಂಡೆ ಬಿಚ್ಚಿ ದೊಡ್ಡ ಸುರುಳಿಯಾಗಿ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಹಳೆ ಸ್ಟೀಲ್ ಡಬರಿಯಲ್ಲಿ ಆಸಿಡ್ ಡೈ ನೀಲಿಪುಡಿ, ಅರ್ಧ ಬಾಟಲಿ ವಿನೆಗರ್ ಹಾಕಿ ಒಂದು ಗಂಟೆ ಒಲೆ ಮೇಲಿಟ್ಟೆ. ಆರಿದ ಮೇಲೂ ನೀರು ಮಸಿ ಥರಾನೇ ಇತ್ತು. ಹಿಂಡಿದರೆ ದಾರ ನೀಲಿ ಜಾಸ್ತಿಯಾದ ಬನಿಯನ್ ಬಣ್ಣ! ವಿಚಿತ್ರ ಅಂದ್ರೆ, ಲಡಿ ಕಟ್ಟೋಕೆ ಒಂದು ಕಡೆ ತಾತನ ಹಳೆ ಮಫ್ಲರಿನ ಎಳೆ ಬಳಸಿದ್ದೆ. ಅದು ಮಾತ್ರ ಕಡುನೀಲಿ ಆಗಿ ಕೂತಿದೆ.

ವಿನೆಗರ್ ಸಾಲದಾಯ್ತಾ? ಇನ್ನೊಂದು ವಿಷಯ, ನನಗೆ ಬೇಕಿದ್ದದ್ದು ಬರೀ ನೀಲಿ ಅಲ್ಲ. ನೀಲಿ, ಹಸಿರು, ನೇರಳೆ, ಹೊಂಬಣ್ಣ, ಕಂದು ಐದೂ ಸೇರಿದ ನವಿಲುಗರಿ ದಾರ.

ಸೀಗೆಕಾಯಿ (ಮೈಸೂರು)

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಕಣಮ್ಮ. ಒಂದೇ ಡಬರಿ, ಒಂದೇ ನೀರು, ಒಂದೇ ವಿನೆಗರ್. ಮಫ್ಲರಿನ ಎಳೆ ಬಣ್ಣ ಕುಡಿಯಿತು, ನಿಮ್ಮ ದಾರ ಕುಡಿಯಲಿಲ್ಲ. ಅಂದ ಮೇಲೆ ತಪ್ಪು ವಿನೆಗರಿನದಲ್ಲ, ದಾರದ್ದು. ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತಾನಾಗೇ ಆರುತ್ತೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತೆ. ಆ ಮಣಿ ಬಿಸಿಯಿದ್ದಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತೆ.

ಆಸಿಡ್ ಡೈ ಅನ್ನೋದು ಪ್ರೋಟೀನ್ ಎಳೆಗಳಿಗೆ, ಅಂದ್ರೆ ಉಣ್ಣೆ, ರೇಷ್ಮೆಗೆ. ನೈಲಾನಿಗೂ ಹಿಡಿಯುತ್ತೆ. ಹತ್ತಿಗೆ, ಅಕ್ರಿಲಿಕ್‌ಗೆ ಒಂದು ಇಡೀ ಬಾಟಲಿ ವಿನೆಗರ್ ಸುರಿದರೂ ಅಷ್ಟೇ.

ಉಂಡೆದಾರ

ಮಣಿ. ಕಪ್ಪು ಗಟ್ಟಿ ಮಣಿ. ನಾಲ್ಕು ಉಂಡೆಯಿಂದಲೂ ನಾಲ್ಕು ಮಣಿ 😭 ನಾಳೆ ಅಂಗಡಿಗೆ ಹೋಗಿ ಜಗಳ ಮಾಡ್ತೀನಿ.

ಅರ್ಧಸ್ವೆಟರ್ (ತುಮಕೂರು)

ನಾಲ್ಕನ್ನೂ ಪೋಣಿಸಿ ಸರ ಮಾಡಿ ಅಂಗಡಿಯವನಿಗೇ ಹಾಕಿ.

ಧಾರವಾಡ ಪೇಢೆ (ಧಾರವಾಡ)

ಅಂಗಡ್ಯಾಂವ ಪೂರಾ ಸುಳ್ಳು ಹೇಳ್ಯಾನ ಅಂತನೂ ಅನ್ನಾಕ ಬರಂಗಿಲ್ರಿ. ನಮ್ಮ ಮಂದಿ ಹೆಣಿಯೋ ದಾರಕ್ಕೆಲ್ಲಾ ಉಲ್ಲನ್ನ ಅಂತಾರ. ಅದು ಕುರಿದೋ ಕಾರ್ಖಾನಿದೋ ಯಾರೂ ಕೇಳಂಗಿಲ್ಲ. ನಮ್ಮವ್ವ ನಲವತ್ತು ವರ್ಷ ಸ್ವೆಟರ್ ಹೆಣದಾಳ, ಕುರಿ ಉಣ್ಣಿ ಒಂದ ಸಲನೂ ಮುಟ್ಟಿಲ್ಲ. ಲೇಬಲ್ ಮ್ಯಾಲೆ 100% ಉಣ್ಣೆ, ಮೆರಿನೊ (ನಯ ಉಣ್ಣಿ ಕೊಡೋ ಕುರಿ ತಳಿ) ಅಂತ ಇದ್ರ ಮಾತ್ರ ತೊಗೋರಿ.

ಆ ಅಕ್ರಿಲಿಕ್ ದಾರದಾಗ ಲೇಸ್ ಹೆಣಿಲಿಕ್ಕೂ ಹೋಗಬ್ಯಾಡ್ರಿ. ಹೆಣದಾದ ಮ್ಯಾಲೆ ನೀರಾಗ ನೆನೆಸಿ ಎಳದು ಒಣಗಿಸಿದ್ರೂ ಅದು ಮತ್ತ ಮುದುಡಿಕೊಂಡ ಕುಂದರತೈತಿ. ಇಸ್ತ್ರಿ ಉಗಿ ಕೊಟ್ರ ಮಲಗತೈತಿ ಖರೆ, ಒಂದ್ ಚೂರು ಹೆಚ್ಚಾತಂದ್ರ ಸತ್ತ ಹಪ್ಪಳ ಆಕ್ಕೈತಿ.

ಮಳೆಗಾಲ (ಶಿರಸಿ)

ಕೆಮಿಕಲ್ ಯಾಕೆ? ಮನೆಯಲ್ಲೇ ಅರಿಶಿನ, ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ಇರುತ್ತಲ್ಲ. ನಾನು ಈರುಳ್ಳಿ ಸಿಪ್ಪೆಯಲ್ಲಿ ತೆಗೆದ ಜೇನು ಬಣ್ಣ ಎರಡು ವರ್ಷ ಆಯ್ತು, ಹಾಗೇ ಇದೆ. ಬಣ್ಣ ಹಿಡಿಸೋಕೆ ಪಟಿಕ ಹಾಕಿದರೆ ಆಯ್ತು, 100 ಗ್ರಾಂ ಉಣ್ಣೆಗೆ 10ರಿಂದ 15 ಗ್ರಾಂ. ಬಡಗಿಯ ಹತ್ತಿರ ಹಲಸಿನ ಮರದ ಹೊಟ್ಟು ಸಿಕ್ಕರಂತೂ ಬಿಡಬೇಡಿ, ಎಂಥ ಹಳದಿ ಗೊತ್ತಾ!

ಧಾರವಾಡ ಪೇಢೆ

ಅರಿಶಿಣದ ಹೆಸರು ಎತ್ತಬ್ಯಾಡ್ರಿ ಅಕ್ಕಾರ! ನನ್ನ ಮೊದಲನೇ ಶಾಲಿಗೆ ಅರಿಶಿಣಾನ ಹಚ್ಚಿದ್ದೆ. ಚಿನ್ನ ಕಂಡಂಗ ಕಾಣತಿತ್ತು. ಊಟದಾಗ ಸಾರು ಬಿತ್ತು ಅಂತ ಬಟ್ಟಿ ಸಾಬಾಣ ತಿಕ್ಕಿದ್ನಿ ನೋಡ್ರಿ, ತಿಕ್ಕಿದಲ್ಲೆಲ್ಲಾ ಕೆಂಪ! ಗಾಬರಿ ಆಗಿ ಚೀರಿದೆ. ನಮ್ಮವ್ವ ಬಂದು ನೋಡಿ ನಕ್ಕೋತ, ‘ಆರತಿ ತಾಟಿನಾಗ ಅರಿಶಿಣಕ್ಕ ಸುಣ್ಣ ಹಾಕಿ ಓಕುಳಿ ಮಾಡೂದು ಮರತೀಯೇನ? ಸಾಬಾಣದಾಗೂ ಖಾರ ಐತಿ’ ಅಂದ್ಲು. ನಿಂಬಿಹಣ್ಣು ಹಿಂಡಿದ ನೀರಾಗ ಅದ್ದಿದ ಕೂಡ್ಲೆ ಕೆಂಪು ಹೋಗಿ ಹಳದಿ ತಿರುಗಿ ಬಂತು. ಕಣ್ಣಾರೆ ನೋಡಿದ್ದು.

ಆದ್ರ ಅದೂ ಉಳೀಲಿಲ್ಲ. ಕಿಡಕಿ ಬಾಜೂ ಕುರ್ಚಿ ಮ್ಯಾಲೆ ಒಂದು ತಿಂಗಳು ಇತ್ತು, ಬಿಸಲು ಬಿದ್ದ ಮಡಿಕಿ ಪೂರಾ ಬೆಳ್ಳಗ, ಒಳಗಿನ ಮಡಿಕಿ ಹಳದಿ. ಈಗದು ನಮ್ಮನಿ ಬೆಕ್ಕಿನ ಹಾಸಿಗಿ.

ಸೀಗೆಕಾಯಿ

ಅರಿಶಿನ ಬಿಸಿಲಿಗೆ ನಿಲ್ಲಲ್ಲ. ಬೀಟ್‌ರೂಟ್ ಅಂತೂ ತೊಳೆಯುವಾಗಲೇ ಹೋಗುತ್ತೆ. ಮಂಜಿಷ್ಠ, ಅರಗು, ನೀಲಿಸೊಪ್ಪು, ಮಳೆಗಾಲ ಅವರು ಹೇಳಿದ ಹಲಸಿನ ಹೊಟ್ಟು, ಇವು ಗಟ್ಟಿ. ನಾನು ನೈಸರ್ಗಿಕ ಬಣ್ಣದ ವಿರೋಧಿ ಅಲ್ಲ. ಆದರೆ ಮೊದಲ ಶಾಲು, ಅದೂ ತಾರೀಖು ಗೊತ್ತಾಗಿರೋ ಶಾಲು ಅಂದ್ರೆ ಆಸಿಡ್ ಡೈ ಸಾಕು ಅನ್ನೋದು ನನ್ನ ಅಭಿಪ್ರಾಯ. ನೈಸರ್ಗಿಕ ಬಣ್ಣಕ್ಕೆ ನೀರೂ ನೋಡಬೇಕು. ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇದ್ದರೆ ದಾಳಿಂಬೆ ಹಳದಿ ಹೋಗಿ ಪಾಚಿ ಬಣ್ಣ ಬಂದು ಕೂರುತ್ತೆ.

ಮಳೆಗಾಲ

ಆ ಪಾಚಿ ಬಣ್ಣವೇ ನನಗಿಷ್ಟ! ಬೇಕೂಂತಲೇ ತುಕ್ಕು ಮೊಳೆ ಹಾಕ್ತೇನೆ 🙂 ಒಂದು ಡೌಟು. ತೋಟಕ್ಕೆ ಹೊಡೆಯೋ ಮೈಲುತುತ್ತ ಮನೆಯಲ್ಲಿ ಹೇಗೂ ಇರುತ್ತೆ. ಪಟಿಕದ ಬದಲು ಅದನ್ನ ಹಾಕಬಹುದಾ?

ಸೀಗೆಕಾಯಿ

ಹಾಕಬಹುದು. ಹಳದಿಗಳು ಹಸಿರಿಗೆ ತಿರುಗುತ್ತವೆ, ಬಿಸಿಲಿಗೂ ಸ್ವಲ್ಪ ಗಟ್ಟಿಯಾಗುತ್ತವೆ. ಆದರೆ ತಾಮ್ರ ಅದು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯೋದು ಬೇರೆ, ಉಳಿದ ನೀರನ್ನ ಬಚ್ಚಲಿಗೋ ಹಳ್ಳಕ್ಕೋ ಚೆಲ್ಲೋದು ಬೇರೆ. ಮೀನು ಉಳಿಯಲ್ಲ. ಹೊಸಬರು ಪಟಿಕ ಬಿಟ್ಟು ಆಚೆ ಹೋಗಬೇಡಿ.

ಉಂಡೆದಾರ

ಅಪ್‌ಡೇಟ್: ಅಂಗಡಿಗೆ ಹೋಗಲಿಲ್ಲ. ಆನ್‌ಲೈನಲ್ಲಿ ಬಣ್ಣ ಹಾಕದ ಮೆರಿನೊ ತರಿಸಿದೆ. 100 ಗ್ರಾಂಗೆ 400 ಮೀಟರ್, ಎರಡು ಲಡಿ. ಸುಟ್ಟು ನೋಡಿದೆ, ಮನೆಯೆಲ್ಲಾ ಸಲೂನ್ ವಾಸನೆ. ಗೆದ್ದೆ! ಈಗ ನವಿಲುಗರಿ ಹೇಗೆ ಹಾಕೋದು ಹೇಳಿ.

ಅಬರ್ಡೀನ್ ಅಕ್ಕ (ಸ್ಕಾಟ್ಲೆಂಡ್)

ತಡವಾಗಿ ಬಂದೆ. ಕಹಿ ಮಾತು ನಾನೇ ಹೇಳ್ತೀನಿ. ಐದು ಬಣ್ಣದ ದಾರದಲ್ಲಿ ಲೇಸ್ ಹೆಣೆಯಬೇಡಿ.

ನಾನೂ ಮಾಡಿ ಕೆಟ್ಟವಳೇ. ಲಡಿಯಲ್ಲಿದ್ದಾಗ ಆ ದಾರದ ಚೆಂದ ಹೇಳತೀರದು. ಹೆಣೆದರೆ ಒಂದು ಸಾಲಲ್ಲಿ ಎರಡು ಇಂಚು ಹಸಿರು, ಎರಡು ಇಂಚು ನೇರಳೆ. ಕಣ್ಣು ಬಣ್ಣದ ಹಿಂದೆಯೇ ಓಡುತ್ತೆ, ತೂತು ಕಾಣೋದೇ ಇಲ್ಲ. ಮೂರು ತಿಂಗಳು ಕೂತು ಎಲೆ, ಬಳ್ಳಿ ಹೆಣೆದೆ. ಗೆಳತಿಯೊಬ್ಬಳು ನೋಡಿ, ‘ಪ್ರಿಂಟೆಡ್ಡಾ?’ ಅಂದಳು. ರಂಗೋಲಿ ಎಳೆ ಎಳೆದು ಮುಗಿಸಿ, ಅದರ ಮೇಲೆ ಐದು ಬಣ್ಣದ ಪುಡಿ ಎರಚಿದರೆ ಚುಕ್ಕಿ ಎಲ್ಲಿ ಕಾಣುತ್ತೆ ಹೇಳಿ.

ಇಲ್ಲಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಶೆಟ್‌ಲೆಂಡಿನ ಲೆರ್ವಿಕ್. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಹಳೇ ಲೇಸ್ ಶಾಲುಗಳಿವೆ. ಉನ್‌ಸ್ಟ್ ಅಂತ ಇನ್ನೂ ಬಡಗಣ ದ್ವೀಪದವರು ಹೆಣೆದದ್ದು ಉಂಗುರದೊಳಗಿಂದ ತೂರಿಹೋಗುವಷ್ಟು ನಯ. ಕುರಿಯ ಕತ್ತಿನ ಹತ್ತಿರದ ಉಣ್ಣೆಯನ್ನ ಕತ್ತರಿಸದೆ ಕೈಯಲ್ಲೇ ಬಿಡಿಸಿ, ಕೂದಲೆಳೆಯಂತೆ ನೂತು ಮಾಡಿದ್ದು. ಗಾಜಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನಾನು ನೋಡಿದ ಆ ನಯದ ಶಾಲುಗಳೆಲ್ಲ ಬಿಳಿ, ಕೆನೆ, ಬೂದು. ರಷ್ಯಾದ ಒರೆನ್‌ಬುರ್ಗ್ ಶಾಲಿಗೂ ಮೇಕೆಯ ತುಪ್ಪಳದ ಬೂದು, ಬಿಳಿಯೇ ಹೆಸರು. ಎಸ್ಟೋನಿಯದ ಹಾಪ್‌ಸಾಲು ಶಾಲು ಬಿಳಿ. ತೂತಿನ ಕೆಲಸ ಗೊತ್ತಿದ್ದ ಊರುಗಳವು. ಬಣ್ಣ ಸಿಗದೆ ಬಿಟ್ಟವರಲ್ಲ.

ಉಂಡೆದಾರ

ಅಯ್ಯೋ, ಅಮ್ಮನಿಗೆ ಬಿಳಿ ಶಾಲು ಕೊಟ್ಟರೆ ಬೀರು ಸೇರಿದ ಹಾಗೇ. ಅವರಿಗೆ ಬಣ್ಣ ಬೇಕು ಅಕ್ಕ. ಒಂದೇ ಬಣ್ಣ ಅಂದ್ರೂ ನನಗೆ ಬೇಜಾರು.

ರೇಷ್ಮೆಗೂಡು (ಶಿಡ್ಲಘಟ್ಟ)

ಮಧ್ಯೆ ಬಾಯಿ ಹಾಕ್ತೀನಿ. ರೇಷ್ಮೆಯಲ್ಲಿ ಹೆಣೆದರೆ ಬಣ್ಣದ ಹೊಳಪೇ ಬೇರೆ. ನಮ್ಮೂರಲ್ಲಿ ಕಚ್ಚಾ ರೇಷ್ಮೆ ಸಿಗುತ್ತೆ.

ಸೀಗೆಕಾಯಿ

ಸಿಗುತ್ತೆ, ಆದರೆ ಕಚ್ಚಾ ರೇಷ್ಮೆಯ ಗೋಂದು ತೆಗೆಯದೆ ಹೆಣೆದರೆ ತಂತಿ ಹೆಣೆದ ಹಾಗೆ. ಸೋಪು, ಸ್ವಲ್ಪ ಸೋಡಾ ಹಾಕಿ ಕುದಿಸಬೇಕು. ಹೆಚ್ಚು ಕಡಿಮೆ ಕಾಲು ಭಾಗ ತೂಕ ಅದರಲ್ಲೇ ಹೋಗುತ್ತೆ. ಇನ್ನು ರೇಷ್ಮೆಗೆ ಉಣ್ಣೆಯ ಸ್ಪ್ರಿಂಗ್ ಇಲ್ಲ. ಮೊದಲ ಲೇಸಿಗೆ ಉಣ್ಣೆಯೇ ಕ್ಷಮಿಸುತ್ತೆ, ರೇಷ್ಮೆ ಪ್ರತಿ ತಪ್ಪನ್ನೂ ಎತ್ತಿ ತೋರಿಸುತ್ತೆ.

ಅರ್ಧಸ್ವೆಟರ್

ನಮ್ಮ ಚಳ್ಳಕೆರೆ ಕಂಬಳಿ ಉಣ್ಣೆ ಏನು ಪಾಪ ಮಾಡಿತ್ತು?

ಧಾರವಾಡ ಪೇಢೆ

ಏನೂ ಮಾಡಿಲ್ಲ. ಅದು ಕರೀದು, ಬಣ್ಣ ಕಾಣಂಗಿಲ್ಲ. ಒರಟು ಎಳಿ, ಕುತ್ತಿಗಿಗೆ ಹಾಕ್ಕೊಂಡ್ರ ಕೆರಕೋತ ಕುಂದರಬೇಕು. ಮಳಿಗಾಲದಾಗ ಹೊಲಕ್ಕ ಹೊಂಟ್ರ ಅದರಷ್ಟು ಛಲೋದು ಇನ್ನೊಂದಿಲ್ಲ. ಎಪ್ಪತ್ತು ವರ್ಷದ ತಾಯಿ ಹುಟ್ಟಿದ ದಿನಕ್ಕಲ್ಲ.

ಅಬರ್ಡೀನ್ ಅಕ್ಕ

ಉಂಡೆದಾರ, ನಿಮಗೊಂದು ದಾರಿ ಇದೆ. ಶೆಟ್‌ಲೆಂಡಿನಲ್ಲೇ ಹೊರಗೆ ಹೋಗಿಬರೋ ಶಾಲು ಬೇರೆ ಇತ್ತು. ಅದಕ್ಕೆ ಹ್ಯಾಪ್ ಅಂತಾರೆ. ದಪ್ಪ ದಾರ, ನಡುವೆ ಸಾದಾ, ಸುತ್ತ ಅಲೆ ಅಲೆಯ ಅಂಚು. ಆ ಅಂಚಿನಲ್ಲಿ ಕಡು ಕಂದಿನಿಂದ ತಿಳಿ ಕಂದಿಗೆ, ಅಲ್ಲಿಂದ ಬಿಳಿಗೆ ಪಟ್ಟೆ ಪಟ್ಟೆಯಾಗಿ ಇಳಿಯುತ್ತೆ. ಬಣ್ಣ ಬದಲಾಗೋದು ಸಾಲು ಮುಗಿದ ಮೇಲೆ, ಸಾಲಿನ ಮಧ್ಯೆ ಅಲ್ಲ. ಪಟ್ಟೆ ತಾನೇ ಅಲೆಯ ಥರ ಬಳುಕುತ್ತೆ. ಆಗ ಬಣ್ಣವೂ ಹೆಣಿಗೆಯೂ ಒಂದೇ ಮಾತು ಆಡುತ್ವೆ. ನಿಮ್ಮ ನೀಲಿಯಲ್ಲೇ ಮೂರು ಛಾಯೆ ಮಾಡಿ. ಕಡು, ನಡು, ತಿಳಿ.

ಮಾದರಿ ಓಲ್ಡ್ ಶೇಲ್. ಲೇಸಿನಲ್ಲಿ ಇದಕ್ಕಿಂತ ಸುಲಭದ್ದಿಲ್ಲ. 18 ಕುಣಿಕೆಗೆ ಒಂದು ಸಲ, ನಾಲ್ಕೇ ಸಾಲು:

1ನೇ ಸಾಲು ಪೂರ್ತಿ ಸೀದಾ.
2ನೇ ಸಾಲು ಪೂರ್ತಿ ಉಲ್ಟಾ.
3ನೇ ಸಾಲು: ಎರಡೆರಡು ಕುಣಿಕೆ ಸೇರಿಸಿ ಸೀದಾ, ಹೀಗೆ 3 ಸಲ. ಆಮೇಲೆ ‘ದಾರ ಮುಂದೆ ತಂದು ಕಡ್ಡಿಗೆ ಸುತ್ತಿ, ಒಂದು ಸೀದಾ’, ಇದು 6 ಸಲ. ಮತ್ತೆ ಎರಡೆರಡು ಸೇರಿಸಿ ಸೀದಾ 3 ಸಲ.
4ನೇ ಸಾಲು ಪೂರ್ತಿ ಸೀದಾ.

ಆರು ಕುಣಿಕೆ ಹೋಯ್ತು, ಆರು ಬಂತು, 18 ಹಾಗೇ ಉಳೀತು. ಲೆಕ್ಕ ಇಷ್ಟೇ. ನೀವು 5 ಸಲಕ್ಕೆ 90, ಎರಡೂ ಬದಿ ಅಂಚಿಗೆ ಮೂರು ಮೂರು, ಒಟ್ಟು 96 ಹಾಕಿ. ಅಂಚಿನ ಮೂರನ್ನ ಯಾವಾಗಲೂ ಸೀದಾ ಹೆಣೀರಿ. ಕಡ್ಡಿ 4 ಮಿಲಿಮೀಟರ್. ಕೈ ಬಿಗಿ ಇದ್ದರೆ ಇನ್ನೂ ದಪ್ಪದ್ದು. ಮೊದಲ ಸಾಲು ಸಡಿಲವಾಗಿ ಹಾಕಿ, ಇಲ್ಲದಿದ್ರೆ ಆ ತುದಿ ಜಗ್ಗೋದೇ ಇಲ್ಲ.

ಸೀಗೆಕಾಯಿ

ಇದು ಸರಿಯಾದ ಮಾತು. ಛಾಯೆ ನಾನು ಹೇಳ್ತೀನಿ, ಬರ್ಕೊಳ್ಳಿ. 200 ಗ್ರಾಂ ದಾರವನ್ನ 50 ಗ್ರಾಮಿನ ನಾಲ್ಕು ಲಡಿ ಮಾಡಿ. ಹತ್ತಿ ದಾರದಲ್ಲಿ ನಾಲ್ಕು ಕಡೆ ಎಂಟಂಕೆ ಥರ ಸಡಿಲವಾಗಿ ಕಟ್ಟಿ. ಹತ್ತಿ ಬೆಳ್ಳಗೇ ಉಳಿಯುತ್ತೆ, ಬಿಚ್ಚುವಾಗ ಹುಡುಕಬೇಕಿಲ್ಲ. 2 ಗ್ರಾಂ ಬಣ್ಣ 200 ಮಿಲಿ ಬಿಸಿನೀರಲ್ಲಿ ಕರಗಿಸಿ. ಪುಡಿ ಕಲಸುವಾಗ ಮಾಸ್ಕ್ ಕಡ್ಡಾಯ, ಫ್ಯಾನ್ ಆಫ್.

ಕಡು ಲಡಿಗೆ ಆ ನೀರು 100 ಮಿಲಿ. ನಡು ಲಡಿ ಎರಡಕ್ಕೆ ಐವತ್ತೈವತ್ತು, ಅವೆರಡನ್ನೂ ಒಂದೇ ಪಾತ್ರೆಯಲ್ಲಿ ಹಾಕಿ, ಇಲ್ಲಾಂದ್ರೆ ವ್ಯತ್ಯಾಸ ಬರುತ್ತೆ. ಅಲ್ಲಿಗೆ 200 ಮುಗೀತು, ತಿಳಿ ಲಡಿಗೆ ಅದೇ ಹದದಲ್ಲಿ ಬೇರೆ ಚೂರು ಕಲಸಿ 15 ಮಿಲಿ ಹಾಕಿ. ಲಡಿಗೊಂದು ಚಮಚ ಸಿಟ್ರಿಕ್ ಆಸಿಡ್. ವಿನೆಗರಿನ ನಾತ ತಪ್ಪುತ್ತೆ. ಲಡಿಯನ್ನ ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ನಿಧಾನ ಬಿಸಿ, 85 ಡಿಗ್ರಿ ದಾಟದ ಹಾಗೆ. ಅಂದ್ರೆ ತಳದಲ್ಲಿ ಸಣ್ಣ ಗುಳ್ಳೆ, ಆವಿ ಏಳ್ತಿರಬೇಕು, ಕುದಿ ಬರಬಾರದು. ಕಲಕಬೇಡಿ, ಮೆಲ್ಲಗೆ ಒಂದೆರಡು ಸಲ ಒತ್ತಿ ಅಷ್ಟೇ. ಕುದಿಸಿ ಕಲಕಿದ ಉಣ್ಣೆ ಪಾತ್ರೆ ತಿಕ್ಕೋ ನಾರಾಗುತ್ತೆ. ಅರ್ಧ ಗಂಟೆ ಆದ ಮೇಲೆ ಬಿಳಿ ಬಟ್ಟಲಲ್ಲಿ ಒಂದು ಸೌಟು ನೀರು ತೆಗೆದು ನೋಡಿ. ತಿಳಿಯಾಗಿದ್ದರೆ ಬಣ್ಣವೆಲ್ಲ ಉಣ್ಣೆ ಸೇರಿದೆ ಅಂತ. ಪಾತ್ರೆಯಲ್ಲೇ ಆರಲಿ. ಬಿಸಿಯಿಂದ ತೆಗೆದು ತಣ್ಣೀರಿಗೆ ಅದ್ದಬೇಡಿ.

ಆ ಡಬರಿ ಮತ್ತೆ ಅಡುಗೆಮನೆಗೆ ಬರಬಾರದು. ಅದರಲ್ಲಿ ಸಾರು ಕುದಿಸೋದು ಬೇಡ.

ರೇಷ್ಮೆಗೂಡು

ಡಬರಿ ಕಳ್ಕೊಳ್ಳೋಕೆ ಇಷ್ಟ ಇಲ್ಲದೋರು ಕೇಸರಿಬಾತಿಗೆ ಹಾಕೋ ಬಣ್ಣ ಬಳಸಬಹುದು. ಅದೂ ಉಣ್ಣೆಗೆ ಹಿಡಿಯುತ್ತೆ, ಹುಳಿ ಹಾಕಿದ್ರೆ. ನಾನು ನೇರಳೆ ಮಾಡೋಕೆ ಹೋಗಿ ಕೆಂಪು, ನೀಲಿ ಬೆರೆಸಿದೆ. ಕೆಂಪು ಮೊದಲೇ ಓಡಿಬಂದು ಹಿಡ್ಕೊಂಡಿತು, ನೀಲಿ ಆಮೇಲೆ ಬೇರೆ ಕಡೆ ಕೂತಿತು. ಲಡಿ ಗುಲಾಬಿ-ನೀಲಿ ಹಾವಿನ ಥರ ಆಯ್ತು. ಬಿಸಿಲಿಗೆ ಬೇಗ ಮಂಕಾಗುತ್ತೆ, ಮಕ್ಕಳ ಟೋಪಿಗೆ ಸಾಕು.

ಉಂಡೆದಾರ

ನೀರು ತಿಳಿಯಾಯ್ತು!!! ಸೌಟು ಎತ್ತಿದಾಗ ಕೈ ನಡುಗ್ತಿತ್ತು, ಕುಡಿಯೋ ನೀರಿನ ಥರ ಇತ್ತು. ಬಾಲ್ಕನಿಯಲ್ಲಿ ನಾಲ್ಕು ಲಡಿ ತೂಗ್ತಿವೆ. ಕಡುವಿನದ್ದು ಥೇಟ್ ಆನಂದ ನೀಲಿ. ತಿಳಿಯದ್ದು ಒಂದು ಕಡೆ ಸ್ವಲ್ಪ ಮಚ್ಚೆ ಬಿದ್ದಿದೆ, ಎಲ್ಲಾ ಕಡೆ ಒಂದೇ ಥರ ಇಲ್ಲ. ಬೇಜಾರು.

ಅಬರ್ಡೀನ್ ಅಕ್ಕ

ಆ ಮಚ್ಚೆಗೇ ಇಲ್ಲಿ ಜನ ಹೆಚ್ಚು ದುಡ್ಡು ಕೊಟ್ಟು ಕೈಬಣ್ಣದ ದಾರ ಕೊಳ್ಳೋದು. ಹೆಣೆದ ಮೇಲೆ ನೋಡಿ.

ಉಂಡೆದಾರ (ಮೂರು ವಾರದ ನಂತರ)

ತುರ್ತು! 60 ಸಾಲು ಹೆಣೆದಾಗಿದೆ. ಎಲ್ಲೋ ದಾರ ಸುತ್ತೋದು ಮರೆತು 95 ಆಗಿದೆ. ಎಲ್ಲಿ ಅಂತ ಗೊತ್ತಿಲ್ಲ. ಬಿಚ್ಚಲಾ?

ಧಾರವಾಡ ಪೇಢೆ

ಲೈಫ್‌ಲೈನ್, ಅಂದ್ರ ಕುಣಿಕಿಯೊಳಗ ಹಾಯಿಸೋ ಕಾವಲು ದಾರ, ಹಾಕೀರೇನು? ಇಲ್ಲಂದ್ರ ಕಡ್ಡಿ ತಗೀಬ್ಯಾಡ್ರಿ! ಹಿಂದಿನ ಸಾಲಿನಾಗ ಅಲಿ ಅಲಿಗೂ ತೂತು ಎಣಿಸರಿ, ಆರು ಇರಬೇಕು. ಐದು ಇರೋ ಅಲಿ ಸಿಕ್ತಂದ್ರ, ಅಲ್ಲಿ ಎರಡು ಕುಣಿಕಿ ನಡುವಿನ ಅಡ್ಡ ದಾರ ಎತ್ತಿ ಕಡ್ಡಿಗೆ ಹಾಕ್ಕೊಂಡ್ರ ಆತು. ತೂತು ಒಂಚೂರು ಸಣ್ಣದಾಗತೈತಿ, ಯಾರಿಗೂ ಕಾಣಂಗಿಲ್ಲ. ಇನ್ನ ಮ್ಯಾಲೆ ಪ್ರತಿ ಬಣ್ಣ ಬದಲಾದಾಗ ಒಂದು ಸೂಜಿಲೆ ನುಣುಪು ನೈಲಾನ್ ದಾರ ಎಲ್ಲಾ ಕುಣಿಕಿಯೊಳಗಿಂದ ಹಾಯಿಸಿ ಬಿಡ್ರಿ. ಬಿಚ್ಚಿದ್ರೂ ಅಲ್ಲಿಗೆ ನಿಲ್ಲತೈತಿ. ಹೂ ಕಟ್ಟೋ ದಾರ ಬ್ಯಾಡ, ಅದರ ಜುಂಗು ಉಣ್ಣಿಗೆ ಹತ್ತತೈತಿ.

ಉಂಡೆದಾರ

ನಾಲ್ಕನೇ ಅಲೆಯಲ್ಲಿತ್ತು. ಸರಿಹೋಯ್ತು. ನಿಮ್ಮ ಕೈಗೆ ಬಂಗಾರದ ಬಳೆ.

ಉಂಡೆದಾರ (ಜನವರಿ ಕೊನೆ)

ಮುಗೀತು. ಆದರೆ ನೋಡೋಕೆ ಕಾಫಿ ಸೋಸೋ ಬಟ್ಟೆ ಹಾಗಿದೆ. ಮುದ್ದೆ ಮುದ್ದೆ, ಉದ್ದ 118 ಸೆಂಟಿಮೀಟರ್. ಅಳು ಬರ್ತಿದೆ.

ಅಬರ್ಡೀನ್ ಅಕ್ಕ

ಎಳೆದು ಒಣಗಿಸೋವರೆಗೂ ಎಲ್ಲಾ ಲೇಸೂ ಹಾಗೇ. ತಣ್ಣೀರಲ್ಲಿ 20 ನಿಮಿಷ ನೆನೆಸಿ, ಟವಲಲ್ಲಿ ಸುತ್ತಿ ಒತ್ತಿ ನೀರು ತೆಗೀರಿ, ಹಿಂಡಬೇಡಿ. ಮಕ್ಕಳ ಎಬಿಸಿಡಿ ಫೋಮ್ ಮ್ಯಾಟ್ ಇದ್ದರೆ ಅದರ ಮೇಲೆ ಹರಡಿ, ಒಂದೊಂದು ಅಲೆಯ ತುದಿಗೂ ಗುಂಡುಸೂಜಿ ಚುಚ್ಚಿ ಜಗ್ಗಿ ಕೂರಿಸಿ. ತುಕ್ಕು ಹಿಡಿಯದ ಸೂಜಿಯೇ ಆಗಬೇಕು.

ಮಳೆಗಾಲ

ತುಕ್ಕು ಸೂಜಿಯ ಕಂದು ಚುಕ್ಕೆ 14 ನನ್ನ ಶಾಲಲ್ಲಿವೆ, ನೆನಪಿಗೆ. ಒಣಗೋಕೆ ನಮ್ಮಲ್ಲಿ ಜುಲೈನಲ್ಲಿ ಮೂರು ದಿನ ಹಿಡೀತು.

ಧಾರವಾಡ ಪೇಢೆ

ನಮ್ಮಲ್ಲಿ ಬ್ಯಾಸಗ್ಯಾಗ ಚಹಾ ಕುಡದು ಬರೋದ್ರಾಗ ಒಣಗತೈತಿ.

ಉಂಡೆದಾರ

ಸೂಜಿ ತೆಗೆದೆ. ಅದು ಮುದುಡಲೇ ಇಲ್ಲ! 118 ಇದ್ದದ್ದು 170 ಸೆಂಟಿಮೀಟರ್. ಬೆಳಕಿಗೆ ಹಿಡಿದರೆ ಪ್ರತಿ ತೂತೂ ಬೇರೆ ಬೇರೆ ಕಾಣುತ್ತೆ. ಕಡುನೀಲಿಯಿಂದ ನಡು, ನಡುವಿನಿಂದ ತಿಳಿ, ಪಟ್ಟೆ ಎಲ್ಲಾ ಬಳುಕ್ತಾ ಇಳಿದಿವೆ. ಮಚ್ಚೆ ಬಿದ್ದ ಲಡಿ ಇದೆಯಲ್ಲ, ಅದು ನೀರಿನ ನೊರೆ ಹಾಗೆ ಕಾಣ್ತಿದೆ ಅಕ್ಕ. ನಾಲ್ಕನೇ ಅಲೆಯ ಸಣ್ಣ ತೂತು ಎಲ್ಲಿ ಅಂತ ನನಗೇ ಸಿಗ್ತಿಲ್ಲ.

ಅಮ್ಮನಿಗೆ ತಡೆಯಲಾಗದೆ ಮೊದಲೇ ತೋರಿಸಿಬಿಟ್ಟೆ. ಹೊದ್ದು ಕನ್ನಡಿ ಮುಂದೆ ನಿಂತರು. ‘ಇಷ್ಟು ತೂತಿದ್ರೆ ಚಳಿ ಹೇಗೆ ತಡೆಯುತ್ತೆ?’ ಅಂದರು. ಐದು ನಿಮಿಷ ಆದ ಮೇಲೆ, ‘ಪರವಾಗಿಲ್ಲ, ಬೆಚ್ಚಗಿದೆ’ ಅಂದರು. ಈಗ ಮಡಚಿ ಬೀರುವಿನಲ್ಲಿ, ಧಾರೆ ಸೀರೆ ಮೇಲೆ ಇಟ್ಟಿದ್ದಾರೆ. ನನ್ನ ಮದುವೆಗೆ ಹೊದೀತಾರಂತೆ! ನನಗಿನ್ನೂ ಗಂಡೇ ನೋಡಿಲ್ಲ.

ಸೀಗೆಕಾಯಿ

ಅಷ್ಟು ದಿನ ಇಡೋದಾದರೆ ಬೇವಿನ ಸೊಪ್ಪು ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಜೊತೆಗಿಡಿ, ಎರಡು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಗೆ ಹಾಕಿ. ಉಣ್ಣೆಗೆ ಹುಳು ಬರುತ್ತೆ. ತೂತು ಎಷ್ಟಿವೆ ಅಂತ ಈಗಲೇ ಎಣಿಸಿಟ್ಟುಕೊಳ್ಳಿ.

ಅರ್ಧಸ್ವೆಟರ್

ಆ ನಾಲ್ಕು ಬನಿಯನ್ ಬಣ್ಣದ ಉಂಡೆ ಏನ್ಮಾಡಿದ್ರಿ? ನನ್ನ ಸ್ವೆಟರಿಗೆ ಇನ್ನೊಂದು ತೋಳು ಬಾಕಿ ಇದೆ.

ಉಂಡೆದಾರ

ವಿಳಾಸ ಮೆಸೇಜ್ ಮಾಡಿ. ಮಣಿಸರವೂ ಫ್ರೀ.